ಹಳೇ ಕೋವಿಯ ಸ್ಕ್ರೂ ಗೀರು ನೇರಕ್ಕೆ ನಿಲ್ಲಲಿ

ಗೆಳೆಯರೇ, ಹಳೇ ಇಂಗ್ಲಿಷ್ ಜೋಡಿನಳಿಗೆ ಕೋವಿ ರಿಪೇರಿಗೆ ಬಿಚ್ಚುವವರು ದಯವಿಟ್ಟು ಓದಿ. ಕೋವಿ ಖಾಲಿ ಇದೆಯಾ ಅಂತ ಮೊದಲು ನೋಡಿ. ಪರ್ಡಿಯಂಥ ಲಂಡನ್ ತಯಾರಕರ ಕೋವಿಗಳಲ್ಲಿ ಸ್ಕ್ರೂ ಗೀರುಗಳು, ಅಂದರೆ ಸ್ಕ್ರೂ ತಲೆಯಲ್ಲಿ ಸ್ಕ್ರೂಡ್ರೈವರ್ ಕೂರುವ ಸೀಳುಗಳು, ನಳಿಗೆಯ ನೇರಕ್ಕೇ ನಿಲ್ಲುತ್ತವೆ. ಅದು ಸುಮ್ನೆ ಆದದ್ದಲ್ಲ. ಸ್ಕ್ರೂವನ್ನು ಪೂರ್ತಿ ಬಿಗಿದು, ಗುರುತು ಹಾಕಿ, ಆಮೇಲೆ ಗೀರು ಕೊಯ್ಯುತ್ತಿದ್ದರು. ಹಾಗಾಗಿ ಪ್ರತಿ ಸ್ಕ್ರೂ ಅದರದೇ ತೂತಿಗೆ ಮಾತ್ರ. ಬಿಚ್ಚುವಾಗ ರಟ್ಟಿನ ಮೇಲೆ ಕೋವಿಯ ಚಿತ್ರ ಬರೆದು, ಆಯಾ ಜಾಗದಲ್ಲೇ ಸ್ಕ್ರೂ ಚುಚ್ಚಿಡಿ. ಸ್ಕ್ರೂಡ್ರೈವರ್ ತುದಿಯನ್ನು ಗೀರಿಗೆ ತಕ್ಕ ಹಾಗೆ ಉಜ್ಜಿಕೊಳ್ಳಿ. ಗೀರು ನೇರಕ್ಕೆ ಬರುವ ಮೊದಲೇ ಸ್ಕ್ರೂ ನಿಂತರೆ ಬಲ ಹಾಕಬೇಡಿ, ಕೆಳಗೆ ಕೊಳೆ ಕೂತಿದೆಯಾ ನೋಡಿ. ದಾಟಿ ಹೋದರೆ, ಸಡಿಲ ಬಿಟ್ಟು ನೇರ ಮಾಡುವುದು ಬೇಡವೇ ಬೇಡ. ಹೊಸ ಸ್ಕ್ರೂ ಮಾಡಿಸಿ, ಗೀರನ್ನು ಕೊನೆಗೆ ಕೊಯ್ಯಿಸಿ.