ಕಳ್ಳನ ಮನೆಯ ಜಗಲಿ

ಬದಿಯಡ್ಕ, ಕಾಸರಗೋಡು ಜಿಲ್ಲೆ, ಕೇರಳ

ಪ್ರೀತಿಯ ಸುಮಾ,

ನೀನು ಕ್ರಿಮಿನಾಲಜಿ, ಅಂದರೆ ಅಪರಾಧಶಾಸ್ತ್ರ, ಓದಲು ಹೊರಟಿದ್ದೀ ಅಂತ ಅಕ್ಕ ಫೋನು ಮಾಡಿದ್ದಳು. ಮಗಳು ಕಳ್ಳರ ಹಿಂದೆ ಓಡಬೇಕಾಗುತ್ತದಲ್ಲ ಅಂತ ಅವಳಿಗೆ ಚಿಂತೆ. ಓಡುವವರು ಪೊಲೀಸರು, ಇವಳು ಕಳ್ಳನ ಮನೆ ಜಗಲಿಯಲ್ಲಿ ಕೂತು ಮಾತಾಡಬೇಕಾದೀತು ಅಂದೆ. ಚಿಂತೆ ಇನ್ನೂ ಜಾಸ್ತಿಯಾಯಿತು.

ಒಂದು ವಿಷಯ ಬಿಡಿಸಿ ಹೇಳುತ್ತೇನೆ. ರಕ್ತದ ಕಲೆ, ಡಿಎನ್‌ಎ ನೋಡುವುದು ಫೊರೆನ್ಸಿಕ್. ಅದಕ್ಕೆ ವಿಜ್ಞಾನ ಓದಿರಬೇಕು. ನೀನು ಪ್ಲಸ್ ಟುವಿನಲ್ಲಿ ಓದಿದ್ದು ಹ್ಯುಮಾನಿಟೀಸ್. ಕ್ರಿಮಿನಾಲಜಿಯಲ್ಲಿ ಕೇಳುವ ಪ್ರಶ್ನೆಯೇ ಬೇರೆ. ಇವನು ಯಾಕೆ ಕದ್ದ, ಇನ್ನೊಮ್ಮೆ ಕದಿಯದ ಹಾಗೆ ಏನು ಮಾಡಬಹುದು, ಕಳಕೊಂಡವರ ಗತಿ ಏನು?

ಈ ವಿದ್ಯೆಯೂ ತಪ್ಪು ಮಾಡಿದೆ. 1876ರಲ್ಲಿ ಇಟಲಿಯ ಲೊಂಬ್ರೊಸೊ ಎಂಬ ವೈದ್ಯ, ತಲೆಬುರುಡೆಯ ಆಕಾರ ನೋಡಿ ಹುಟ್ಟಾ ಅಪರಾಧಿಯನ್ನು ಗುರುತಿಸಬಹುದು ಅಂತ ಬರೆದ. ಅದಕ್ಕೂ ಐದು ವರ್ಷ ಮೊದಲೇ ನಮ್ಮಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್ ತಂದು, ಇಡೀ ಜಾತಿ ಜಾತಿಗಳನ್ನೇ ಕಳ್ಳರು ಅಂತ ಪಟ್ಟಿ ಮಾಡಿದ್ದರು. ಅದು ರದ್ದಾದದ್ದು 1952ರಲ್ಲಿ. ಪುಸ್ತಕದ ಈ ಭಾಗ ಬಂದಾಗ ಪರೀಕ್ಷೆಗೆ ಬಾರದು ಅಂತ ಹಾರಿಸಬೇಡ.

ನಾನು ಕೋರ್ಟಿನಲ್ಲಿ ಗುಮಾಸ್ತನಾಗಿದ್ದಾಗ ಒಂದು ಕೇಸು ಬಂದಿತ್ತು. ಹತ್ತೊಂಬತ್ತರ ಹುಡುಗ, ಅಂಗಳದಲ್ಲಿ ಒಣಹಾಕಿದ್ದ ಎರಡು ಗೋಣಿ ಅಡಿಕೆ ಕದ್ದಿದ್ದ. ಅವನ ತಾಯಿ ಪೊಲೀಸರ ಹತ್ತಿರ 'ಇವ ಪಾಪದ ಹುಡುಗ' ಅಂದಿದ್ದಾಳೆ. ಸಾಧು ಅಂತ ಅವಳ ಅರ್ಥ, ನಮ್ಮಲ್ಲಿ ಹಾಗೇ ಹೇಳುವುದಲ್ವಾ? ಹೇಳಿಕೆ ಬರೆದುಕೊಂಡ ಪೊಲೀಸರಿಗೆ ಕನ್ನಡ ಬಾರದು. ಮಲಯಾಳದಲ್ಲಿ ಪಾಪ ಅಂದರೆ ಪಾಪವೇ, ಸಾಧುವಿಗೆ ಪಾವಂ ಅನ್ನಬೇಕು. ಮಗ ಪಾಪಿ ಅಂತ ಹೆತ್ತ ತಾಯಿಯೇ ಹೇಳಿದಳು ಅಂತ ಕಡತದಲ್ಲಿ ಕೂತಿತು.

ಪ್ರೊಬೇಷನ್ ಅಂದರೆ ತಪ್ಪು ಮಾಡಿದವನನ್ನು ಜೈಲಿಗೆ ಹಾಕದೆ, ಸರಿಯಾಗಿ ನಡೆದುಕೊಳ್ಳಬೇಕು ಅಂತ ಷರತ್ತು ಹಾಕಿ ಬಿಡುವುದು. 1958ರ ಪ್ರೊಬೇಷನ್ ಕಾಯ್ದೆ ಪ್ರಕಾರ, 21 ತುಂಬದವರನ್ನು ಇಂಥ ಕೇಸಿನಲ್ಲಿ ಜೈಲಿಗೆ ಹಾಕುವ ಮೊದಲು ಪ್ರೊಬೇಷನ್ ಅಧಿಕಾರಿಯ ವರದಿ ತರಿಸಬೇಕು. ಆ ಅಧಿಕಾರಿ ಬಸ್ಸಿಳಿದು ಗುಡ್ಡ ಹತ್ತಿ ಅವರ ಮನೆಗೆ ಹೋದರು. ತುಳು ಬಲ್ಲ ಹೆಂಗಸು. ತಾಯಿ ಕೊಟ್ಟ ಚಹಾ ಕುಡಿದು ಎರಡು ಗಂಟೆ ಕೂತರಂತೆ. ವರದಿ ಗುಟ್ಟಿನದು, ಅದರಲ್ಲಿದ್ದದ್ದನ್ನೆಲ್ಲ ಹೇಳಲಾರೆ. ಪಾಪ ಅನ್ನುವ ಆ ಒಂದು ಶಬ್ದದ ಅರ್ಥ ಮಾತ್ರ ಸರಿಯಾಯಿತು. ಹುಡುಗ ಮುಚ್ಚಳಿಕೆ ಬರೆದುಕೊಟ್ಟು ಮನೆಗೆ ಹೋದ.

ಹಾಗಾಗಿ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಅಂತ ನೀನು ಸುಮ್ನೆ ಗೊಣಗಬೇಡ. ಮಲಯಾಳ ಓದಲು, ಬರೆಯಲು ಕೂಡ ಕಲಿ. ಮಾತಾಡಿದರೆ ಸಾಲದು.

ಇನ್ನು ಕೆಲಸ. ಈ ಡಿಗ್ರಿ ಸಿಕ್ಕಿದ ಕೂಡಲೇ ಯಾರೂ ಹೆಗಲ ಮೇಲೆ ನಕ್ಷತ್ರ ಇಡುವುದಿಲ್ಲ. ಎಸ್‌ಐ ಪರೀಕ್ಷೆಗೆ ಯಾವ ಡಿಗ್ರಿಯಾದರೂ ಆಗುತ್ತದೆ, ಓಟ ಜಿಗಿತ ಬೇರೆ. ಪ್ರೊಬೇಷನ್, ಮಕ್ಕಳ ರಕ್ಷಣಾ ಘಟಕ, ಜೈಲಿನ ವೆಲ್ಫೇರ್ ಅಧಿಕಾರಿ ಇಂಥ ಕಡೆ ನೀನು ಓದಿದ್ದು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ನಮ್ಮ ಜಿಲ್ಲೆಯ ಚೀಮೇನಿಯಲ್ಲೇ ತೆರೆದ ಜೈಲು ಉಂಟು, ಕೈದಿಗಳು ಅಲ್ಲಿ ಬೇಸಾಯ ಮಾಡುತ್ತಾರೆ. ಆದರೆ ಇಂಥ ಹುದ್ದೆಗಳಿಗೆ ಕೆಲವು ಸಲ ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಡಿಗ್ರಿ, ಕೇಳುತ್ತಾರೆ. ಡಿಗ್ರಿ ಮುಗಿದ ಮೇಲೆ ಹಣೆ ಚಚ್ಚಿಕೊಳ್ಳುವುದಕ್ಕಿಂತ, ಸರಕಾರಿ ಹುದ್ದೆ ತುಂಬುವ ಪಿಎಸ್‌ಸಿಯ ಹಳೆಯ ಅಧಿಸೂಚನೆಗಳನ್ನು ಈಗಲೇ ಓದು. ಪಾಠ ಮಾಡುವ ಆಸೆ ಇದ್ದರೆ ಎಂಎ ಮಾಡಿ, ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ ನೆಟ್ ಬರೆ, ಅದರಲ್ಲಿ ಕ್ರಿಮಿನಾಲಜಿ ಒಂದು ವಿಷಯವೇ. ಸಂಬಳ ಮೊದಮೊದಲು ಕಡಿಮೆ, ಅದನ್ನು ಅಕ್ಕನಿಗೆ ಹೇಳಿಲ್ಲ.

ಇದನ್ನು ಓದಲು ಹತ್ತಿರಕ್ಕೆ ಮಂಗಳೂರಿನ ರೋಶನಿ ನಿಲಯ ಕಾಲೇಜು. ಮುಂದೆ ಧಾರವಾಡ, ಮದ್ರಾಸು ವಿಶ್ವವಿದ್ಯಾಲಯಗಳಲ್ಲೂ ವಿಭಾಗ ಉಂಟು. ಆದಿತ್ಯವಾರ ಬಾ, ಮಾರ್ಕ್ಸ್‌ ಕಾರ್ಡ್‌ ತಾ, ಅರ್ಜಿ ಒಟ್ಟಿಗೆ ತುಂಬಿಸುವ. ಅತ್ತೆ ಪತ್ರೊಡೆ ಮಾಡುತ್ತಾಳಂತೆ.

ಇತಿ,
ನಿನ್ನ ಮಾವ