ಅಡ್ಡಹೆಸರು ಕೇಳಿದ ಮಗಳಿಗೆ

ತುಮಕೂರು,
ಭಾನುವಾರ

ಚಿರಂಜೀವಿ ಮಾನಸಳಿಗೆ ಅಮ್ಮನ ಆಶೀರ್ವಾದಗಳು.

ಕಳೆದ ವಾರ ನೀನು ಫೋನಿನಲ್ಲಿ ಆ ಪ್ರಶ್ನೆ ಕೇಳಿದಾಗ, ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ನೆವ ಹೇಳಿ ಫೋನು ಇಟ್ಟುಬಿಟ್ಟೆ. ಒಲೆಯ ಮೇಲೆ ಹಾಲೂ ಇರಲಿಲ್ಲ, ನೀರೂ ಇರಲಿಲ್ಲ. ಮದುವೆಯಾಗಿ ಎಂಟು ತಿಂಗಳ ಮೇಲೆ, ಅಳಿಯಂದಿರ ಮನೆತನದ ಹೆಸರಾದ ಯಾನ್ಸೆನ್ ಎಂಬುದನ್ನು ಸೇರಿಸಿಕೊಳ್ಳಬೇಕೋ ಬೇಡವೋ ಎಂದು ನೀನು ಕೇಳಿದ್ದಕ್ಕೆ, ಹಾಗೆ ನಿಂತ ಕಾಲಿನಲ್ಲಿ ಹೌದು ಅಥವಾ ಬೇಡ ಎಂದು ಹೇಳಿಬಿಡಲು ನನಗೆ ಮನಸ್ಸು ಬರಲಿಲ್ಲ. ಮೂವತ್ತೆರಡು ವರ್ಷ ಮಕ್ಕಳ ಹಾಜರಿ ಕೂಗಿದವಳು ನಾನು. ಹೆಸರಿನ ವಿಷಯದಲ್ಲಿ ಬಾಯಿಗೆ ಬಂದದ್ದನ್ನು ಹೇಳಿ ಆಮೇಲೆ ತಿದ್ದುವುದು ಎಷ್ಟು ಕಷ್ಟವೆಂದು ಬಲ್ಲೆ.

ಮೊದಲು ನಿನಗೆ ಈಗ ಇರುವ ಹೆಸರು ಎಲ್ಲಿಂದ ಬಂತೆಂದು ನೆನಪಿಸುತ್ತೇನೆ. ನಿನ್ನ ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಕಾಲಮಿನಲ್ಲಿ ‘ಮಾನಸ’ ಎಂದಷ್ಟೇ ಇದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಬರುವ ಹೊತ್ತಿಗೆ ಅದು ‘ಮಾನಸ ಸಿ.’ ಆಯಿತು. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ ದಿನ, ಇನಿಷಿಯಲ್ ಬರೆಯುವಂತಿಲ್ಲ, ಬಿಡಿಸಿ ಬರೆಯಬೇಕು ಎಂದರು. ಅಪ್ಪನ ಹೆಸರನ್ನು ಬಿಡಿಸಿ ಸರ್‌ನೇಮ್ ಎಂಬ ಜಾಗದಲ್ಲಿ ತುಂಬಿಸಿ, ಸಂಜೆ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು ಬಂದೆವು. ನೀನು ಚಂದ್ರಶೇಖರ ಎಂಬ ‘ಮನೆತನ’ಕ್ಕೆ ಸೇರಿದ್ದು ಹೀಗೆ. ಆ ಮನೆತನದಲ್ಲಿ ನೀನೊಬ್ಬಳೇ ಇದ್ದೀಯೆ; ನಿನ್ನ ಅಪ್ಪನೇ ಅದಕ್ಕೆ ಸೇರಿಲ್ಲ, ಏಕೆಂದರೆ ಅವರ ಪಾಸ್‌ಪೋರ್ಟಿನ ಅದೇ ಜಾಗದಲ್ಲಿ ನಿನ್ನ ತಾತನ ಹೆಸರಿದೆ. ಜರ್ಮನಿಯಲ್ಲಿ ನಿಮ್ಮ ಓಲ್ಡೆನ್‌ಬುರ್ಗಿನ ಆಸ್ಪತ್ರೆಯಲ್ಲಿ ನಿನ್ನ ಸರದಿ ಬಂದಾಗ ‘ಫ್ರಾವ್ ಚಂದ್ರಶೇಖರ’, ಎಂದರೆ ಶ್ರೀಮತಿ ಚಂದ್ರಶೇಖರ, ಎಂದು ಕೂಗಿದರೆಂದೂ, ಅಪ್ಪನೇ ಸೀರೆ ಉಟ್ಟು ಒಳಗೆ ಹೋದಂತಾಯಿತೆಂದೂ ನೀನು ಬರೆದಿದ್ದೆಯಲ್ಲ, ಅದನ್ನು ಓದಿ ಅವರು ಬಹಳ ಹೊತ್ತು ನಕ್ಕರು. ಆಮೇಲೆ, ‘ನಾನೇನೂ ಅವಳಿಗೆ ನನ್ನ ಹೆಸರು ಕೊಡಲಿಲ್ಲ, ಫಾರಮ್ಮೇ ಕಿತ್ತುಕೊಂಡಿತು’ ಎಂದರು. ಆದ್ದರಿಂದ ಅಪ್ಪನ ಹೆಸರನ್ನು ಬಿಟ್ಟರೆ ಅಪ್ಪನಿಗೆ ನೋವಾದೀತು ಎಂಬ ಭಾರವೊಂದನ್ನು ನೀನು ಹೊರಬೇಕಾಗಿಲ್ಲ.

ನಮ್ಮ ರಾಜ್ಯದೊಳಗೇ ಈ ವಿಷಯದಲ್ಲಿ ಎರಡು ದೇಶಗಳಿವೆ. ಇತ್ತ ಹಳೇ ಮೈಸೂರಿನ ಕಡೆ ಊರಿನ ಹೆಸರೋ ಅಪ್ಪನ ಹೆಸರೋ ಒಂದಕ್ಷರವಾಗಿ ಮುಂದೆ ಕೂರುತ್ತದೆ: ಎಸ್. ನಿಜಲಿಂಗಪ್ಪನವರ ‘ಎಸ್’ ಎಂದರೆ ಸಿದ್ದವನಹಳ್ಳಿ. ಅತ್ತ ಧಾರವಾಡದ ಕಡೆ ಎಸ್.ಆರ್. ಬೊಮ್ಮಾಯಿಯವರಂತೆ ಅಡ್ಡಹೆಸರು ಹಿಂದೆ ಬರುತ್ತದೆ, ಇನಿಷಿಯಲ್ಲುಗಳಲ್ಲಿ ತಾನೂ ತಂದೆಯೂ ಅಡಗಿರುತ್ತಾರೆ. ನಾನು ಅತ್ತ ಕಡೆಯವಳು, ಬೆಲ್ಲದವರ ಮಗಳು. ಎದುರುಮನೆಯವರು ತುಪ್ಪದ, ಹಿಂದಿನ ಓಣಿಯವರು ಮೆಣಸಿನಕಾಯಿ, ಮೂಲೆಯವರು ಉಳ್ಳಾಗಡ್ಡಿ. ಒಂದು ಓಣಿ ಸುತ್ತಿದರೆ ಅಡುಗೆಗೆ ಬೇಕಾದ ಸಾಮಾನೆಲ್ಲ ಸಿಗುತ್ತಿತ್ತು. ಮದುವೆಯಾಗಿ ತುಮಕೂರಿಗೆ ಬಂದಾಗ, ‘ನಿಮ್ಮ ಇನಿಷಿಯಲ್ ಏನು?’ ಎಂದು ಕೇಳಿದವರಿಗೆ ಏನು ಹೇಳಬೇಕೆಂದೇ ನನಗೆ ತಿಳಿಯಲಿಲ್ಲ.

ನಿನಗೆ ಈವರೆಗೆ ಹೇಳದ ಒಂದು ಸಂಗತಿ ಇದೆ. ನಿನ್ನ ಧಾರವಾಡದ ಅಜ್ಜಿಯನ್ನು ನೀವೆಲ್ಲ ಪಾರ್ವತೆವ್ವ ಎಂದು ಬಲ್ಲಿರಿ. ಅದು ಅವಳು ಹುಟ್ಟಿದಾಗ ಇಟ್ಟ ಹೆಸರಲ್ಲ. ತವರಿನಲ್ಲಿ ಅವಳು ಗಂಗವ್ವ. ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರಡಿ, ಅದರಲ್ಲಿ ಬೆರಳಿನಿಂದ ಹೊಸ ಹೆಸರು ಬರೆದು, ಇನ್ನು ಮೇಲೆ ನೀನು ಇವಳು ಎಂದರು. ಅವಳಿಗೆ ಓದಲು ಬಾರದಿದ್ದುದರಿಂದ, ತಾನು ಯಾರಾದೆನೆಂದು ಪಕ್ಕದಲ್ಲಿ ಕೂತವರನ್ನು ಕೇಳಿ ತಿಳಿದುಕೊಳ್ಳಬೇಕಾಯಿತು. ಮೊದಲ ನಾಗರ ಪಂಚಮಿಗೆ ಅವಳನ್ನು ಕರೆದೊಯ್ಯಲು ಬಂದ ಅವಳ ಅಣ್ಣ ಓಣಿಯ ತುದಿಯಲ್ಲಿ ಗಂಗವ್ವನ ಮನೆ ಯಾವುದು ಎಂದು ಕೇಳಿದರೆ, ಅಂಥವರು ಇಲ್ಲಿ ಯಾರೂ ಇಲ್ಲ ಎಂದರಂತೆ. ಅವನು ಉಂಡಿಯ ಗಂಟು ಹಿಡಿದುಕೊಂಡು ಎರಡು ಸುತ್ತು ತಿರುಗಿದ. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವನಿಗೆ ಅವನ ದನಿ ಕೇಳಿ, ಹಿಟ್ಟಿನ ಕೈಯಲ್ಲೇ ಹೊರಗೆ ಓಡಿ ಬಂದಳು. ಈ ಕಥೆಯನ್ನು ಅವಳು ನಗುತ್ತಲೇ ಹೇಳುತ್ತಿದ್ದಳು. ಆದರೆ ಕೊನೆಯ ದಿನಗಳಲ್ಲಿ, ಜ್ವರದ ಮಂಪರಿನಲ್ಲಿ ಇದ್ದಾಗ, ಪಾರ್ವತೆವ್ವ ಎಂದರೆ ಅವಳು ಕಣ್ಣು ತೆರೆಯುತ್ತಿರಲಿಲ್ಲ. ಗಂಗಾ ಎಂದರೆ ತೆರೆಯುತ್ತಿದ್ದಳು.

ನನ್ನ ಕಾಲಕ್ಕೆ ಅಕ್ಕಿಯ ತಾಟು ಇರಲಿಲ್ಲ, ಗುಮಾಸ್ತರ ಲೇಖನಿ ಇತ್ತು. ನನ್ನ ಪದವಿ ಪ್ರಮಾಣಪತ್ರ ಬೆಲ್ಲದ ಎಂಬ ಹೆಸರಿನಲ್ಲಿದೆ. ಮದುವೆಯ ನಂತರ ಕೆಲಸಕ್ಕೆ ಸೇರಿದಾಗ, ಸೇವಾ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ನಿಮ್ಮಪ್ಪನ ಹೆಸರು ಬರೆದರು; ಯಾರೂ ಒತ್ತಾಯಿಸಲಿಲ್ಲ, ಆದರೆ ಯಾರೂ ಕೇಳಲೂ ಇಲ್ಲ, ನಾನೂ ಅಲ್ಲೇ ನಿಂತು ನೋಡುತ್ತಿದ್ದೆ. ಅದರ ಬೆಲೆ ತೆತ್ತದ್ದು ನಿವೃತ್ತಿಯ ವರ್ಷ. ಪದವಿ ಪಡೆದವಳೂ ಪಾಠ ಮಾಡಿದವಳೂ ಒಬ್ಬಳೇ ಎಂದು ಸಾಬೀತು ಮಾಡಲು ಅಫಿಡವಿಟ್ಟು, ಪತ್ರಿಕೆಯಲ್ಲಿ ಜಾಹೀರಾತು, ಇಬ್ಬರು ಸಾಕ್ಷಿಗಳು. ಪಿಂಚಣಿ ನಾಲ್ಕು ತಿಂಗಳು ತಡವಾಯಿತು. ಕಚೇರಿಯ ಹುಡುಗನೊಬ್ಬ ಕಡತ ತಿರುವುತ್ತ, ‘ಮೇಡಂ, ಈ ಬೆಲ್ಲದ ಯಾರು?’ ಎಂದು ಕೇಳಿದ. ನಾನೇ ಎನ್ನಲು ಒಂದು ಕ್ಷಣ ಹಿಡಿಯಿತು.

ಇಷ್ಟನ್ನು ಹೇಳಿದ ಮಾತ್ರಕ್ಕೆ ನಾನು ಯಾನ್ಸೆನ್ ಎಂಬ ಹೆಸರಿನ ಮೇಲೆ ಮುನಿಸಿಕೊಂಡಿದ್ದೇನೆ ಎಂದು ತಿಳಿಯಬೇಡ. ಮದುವೆಗೆ ಬಂದಾಗ ನಮ್ಮ ಬೀಗಿತ್ತಿ ತಮ್ಮೂರಿನ ಚಹಾಪುಡಿಯನ್ನೂ ಕಲ್ಲುಸಕ್ಕರೆಯನ್ನೂ ಜೊತೆಗೇ ತಂದಿದ್ದರಷ್ಟೆ. ನಮ್ಮ ಅಡುಗೆಮನೆಯಲ್ಲಿ ಅವರು ಬಟ್ಟಲಿಗೆ ಒಂದು ಹರಳು ಹಾಕಿ, ಬಿಸಿ ಚಹಾ ಸುರಿದಾಗ ಅದು ಚಿಟಿಚಿಟಿ ಎಂದು ಬಿರುಕು ಬಿಟ್ಟ ಸದ್ದಿಗೆ ನಾವಿಬ್ಬರೂ ಒಟ್ಟಿಗೆ ನಕ್ಕೆವು. ಮೇಲೆ ಒಂದು ಚಮಚ ಕೆನೆ ಹಾಕಿ, ನಾನು ಕಲಕಲು ಹೋದರೆ ಕೈ ಹಿಡಿದರು. ಅದನ್ನು ಕಲಕಬಾರದಂತೆ; ಮೊದಲು ಕೆನೆ, ಆಮೇಲೆ ಕಹಿ, ಕೊನೆಗೆ ಸಿಹಿ. ಆ ಹೊತ್ತಿನಲ್ಲಿ ನೀನು ನಡುವೆ ಕೂತು ಅನುವಾದ ಮಾಡುತ್ತ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ: ಯಾನ್ಸೆನ್ ಎಂದರೆ ಯಾನ್ ಎಂಬವನ ಮಗ, ಅಷ್ಟೇ. ಜರ್ಮನಿಯ ವಾಯವ್ಯ ಮೂಲೆಯ ಅವರ ಓಸ್ಟ್‌ಫ್ರೀಸ್‌ಲಾಂಡ್ ಸೀಮೆಯಲ್ಲಿ ಹಿಂದೆ ನಮ್ಮಂತೆಯೇ ಅಪ್ಪನ ಹೆಸರು ಮಕ್ಕಳಿಗೆ ಬಂದು, ಪ್ರತಿ ತಲೆಮಾರಿಗೂ ಬದಲಾಗುತ್ತಿತ್ತು. ಆ ಸೀಮೆ ನೆಪೋಲಿಯನ್ನನ ಕೈಯಲ್ಲಿದ್ದಾಗ, 1811ರಲ್ಲಿ, ಎಲ್ಲರೂ ಒಂದು ಕಾಯಂ ಮನೆತನದ ಹೆಸರು ಇಟ್ಟುಕೊಳ್ಳತಕ್ಕದ್ದು ಎಂದು ಅಪ್ಪಣೆಯಾಯಿತು. ಎಂದರೆ ಅವರಿಗೂ ಫಾರಮ್ಮೇ ಬಂದು ಹೆಸರು ಕಿತ್ತುಕೊಂಡದ್ದು, ನಮಗಿಂತ ಇನ್ನೂರು ವರ್ಷ ಮೊದಲು. ಆ ಯಾನ್ ಯಾರೆಂದು ಕೇಳಿದರೆ ಬೀಗಿತ್ತಿಗೆ ಗೊತ್ತಿರಲಿಲ್ಲ. ನಮ್ಮ ಬೆಲ್ಲದವರಲ್ಲಿ ಬೆಲ್ಲ ಮಾರಿದವನು ಯಾರೆಂದು ನನಗೂ ಗೊತ್ತಿಲ್ಲ. (ಕನ್ನಡಕ್ಕೆ 1894ರಲ್ಲಿ ದೊಡ್ಡ ನಿಘಂಟು ಕೊಟ್ಟ ಕಿಟೆಲ್ ಹುಟ್ಟಿದ್ದು ಅದೇ ಸೀಮೆಯಲ್ಲಿ ಎಂದು ನಿಮ್ಮಪ್ಪ ಅಂದಿನಿಂದ ಬಂದವರಿಗೆಲ್ಲ ಹೇಳುತ್ತಿದ್ದಾರೆ, ಆ ನೆಂಟಸ್ತಿಕೆಯನ್ನು ತಾವೇ ಕುದುರಿಸಿದಂತೆ.)

ಇನ್ನು ಕಾನೂನಿನ ಮಾತು. ಮದುವೆಯಾದ ಹೆಣ್ಣು ಹೆಸರು ಬದಲಾಯಿಸಲೇಬೇಕು ಎಂದು ನಮ್ಮ ದೇಶದ ಯಾವ ಕಾನೂನೂ ಹೇಳುವುದಿಲ್ಲ. ಇಲ್ಲಿಯ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಮೂವತ್ತು ದಿನದ ನೋಟೀಸು ಹಚ್ಚಿ, ವಿಶೇಷ ವಿವಾಹ ಕಾಯ್ದೆಯಡಿ ನಿಮ್ಮ ಮದುವೆ ನೋಂದಾಯಿಸಿದಾಗ, ನೀನು ಸಹಿ ಮಾಡಿದ್ದು ಹಳೆಯ ಹೆಸರಿನಲ್ಲೇ, ಅದು ಇಂದಿಗೂ ಸಿಂಧುವೇ. ಜರ್ಮನಿಯಲ್ಲಿ ಮೊದಲು ಹಾಗಿರಲಿಲ್ಲ. ಬಹುಕಾಲ ಅಲ್ಲಿ ಗಂಡನ ಹೆಸರೇ ಹೆಂಡತಿಯ ಹೆಸರಾಗಿತ್ತು. 1976ರಲ್ಲಿ ಇಬ್ಬರಲ್ಲಿ ಯಾರ ಹೆಸರನ್ನಾದರೂ ಆರಿಸಬಹುದು ಎಂದಾದರೂ, ಒಮ್ಮತ ಆಗದಿದ್ದರೆ ಗಂಡನದೇ ಉಳಿಯುತ್ತಿತ್ತು. 1991ರಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯ ಅದನ್ನು ಅಸಿಂಧುಗೊಳಿಸಿದ ಮೇಲೆ, 1994ರಿಂದ ಇಬ್ಬರೂ ಅವರವರ ಹೆಸರಿನಲ್ಲೇ ಇರಬಹುದಾಯಿತು. ಕಳೆದ ವರ್ಷಗಳಲ್ಲಿ ಆದ ತಿದ್ದುಪಡಿಯಿಂದ, 2025ರ ಮೇ 1ರಿಂದ, ಗಂಡ ಹೆಂಡಿರಿಬ್ಬರೂ ಎರಡು ಹೆಸರು ಜೋಡಿಸಿ ಒಂದೇ ಜೋಡಿ ಹೆಸರು ಇಟ್ಟುಕೊಳ್ಳಬಹುದು. ಹೆತ್ತವರು ಬೇರೆ ಬೇರೆ ಹೆಸರಿನಲ್ಲಿದ್ದರೂ ಮಗುವಿಗೆ ಜೋಡಿ ಹೆಸರು ಕೊಡಬಹುದು. ನನಗೆ ಬಹಳ ಹಿಡಿಸಿದ್ದು ಇದೇ ತಿದ್ದುಪಡಿಯ ಇನ್ನೊಂದು ಮಾತು: ಫ್ರೀಸಿಯನ್ ಜನ, ಎಂದರೆ ಬೀಗಿತ್ತಿಯ ಸೀಮೆಯಂಥ ಕಡೆಯವರು, ತಮ್ಮ ಹಳೆಯ ಪದ್ಧತಿಯಂತೆ ಹೆತ್ತವರ ಹೆಸರಿನಿಂದ ಮಗುವಿನ ಕುಲನಾಮ ಕಟ್ಟಲು ಈಗ ಮತ್ತೆ ಅವಕಾಶವಿದೆ. ನೆಪೋಲಿಯನ್ ಕಿತ್ತುಕೊಂಡದ್ದನ್ನು ಹಿಂದಿರುಗಿಸಲು ಸರ್ಕಾರಕ್ಕೆ ಇನ್ನೂರ ಹದಿನಾಲ್ಕು ವರ್ಷ ಹಿಡಿಯಿತು.

ನೀನು ಫೋನಿನಲ್ಲಿ ನಡುವೆ ಹೇಳಿ ಸರಿಸಿಬಿಟ್ಟ ಒಂದು ಮಾತು ನನ್ನನ್ನು ಈ ಎಲ್ಲಕ್ಕಿಂತ ಹೆಚ್ಚು ಕಾಡಿದೆ. ಬಾಡಿಗೆ ಮನೆ ಹುಡುಕುವಾಗ ನಿನ್ನ ಹೆಸರಿನಲ್ಲಿ ಕಳಿಸಿದ ಪತ್ರಗಳಿಗೆ ಉತ್ತರವೇ ಬರಲಿಲ್ಲವೆಂದೂ, ಅಳಿಯಂದಿರ ಹೆಸರಿನಲ್ಲಿ ಕಳಿಸಿದಾಗ ಎರಡೇ ದಿನದಲ್ಲಿ ಮನೆ ನೋಡಲು ಕರೆ ಬಂತೆಂದೂ ಹೇಳಿದೆ. ಇದು ನನಗೆ ಹೊಸದಲ್ಲ. ಬೆಲ್ಲದ ಎಂದೊಡನೆ ಇಲ್ಲಿಯ ಜನ ಮನಸ್ಸಿನಲ್ಲೇ ಜಾತಿಯ ಲೆಕ್ಕ ಹಾಕಿ ಮುಗಿಸುವುದನ್ನು ನಾನು ನೋಡಿದ್ದೇನೆ. ಆ ಲೆಕ್ಕದಿಂದ ನನಗೆ ಒಳ್ಳೆಯದೇ ಆಯಿತು, ಮನೆ ಸಿಕ್ಕಿತು, ಆದರೆ ಅದೇ ಬೀದಿಯಲ್ಲಿ ನನ್ನ ಸಹೋದ್ಯೋಗಿಯೊಬ್ಬರಿಗೆ ಸಿಗಲಿಲ್ಲ. ಹೆಸರು ಕೇಳಿ ಬಾಗಿಲು ಹಾಕುವವರ ತಪ್ಪಿಗೆ ನೀನು ಹೆಸರು ಬದಲಾಯಿಸಬೇಕಾದದ್ದು ನ್ಯಾಯವಲ್ಲ. ಹಾಗೆಂದು, ಚಳಿಯ ದೇಶದಲ್ಲಿ ನ್ಯಾಯ ಹಿಡಿದುಕೊಂಡು ಬೀದಿಯಲ್ಲಿ ನಿಲ್ಲು ಎಂದು ಯಾವ ತಾಯಿಯೂ ಹೇಳಲಾರಳು. ಆ ಕಾರಣಕ್ಕಾಗಿ ಯಾನ್ಸೆನ್ ಆದೆನೆಂದು ಮುಂದೊಂದು ದಿನ ನೀನು ಹೇಳಿದರೆ, ನಾನು ಒಂದು ಮಾತೂ ಆಡುವುದಿಲ್ಲ.

ಆದರೂ ನನ್ನ ಅಭಿಪ್ರಾಯ ಕೇಳಿದೆಯಾದ್ದರಿಂದ ಹೇಳುತ್ತೇನೆ: ಈಗ ಏನನ್ನೂ ಮಾಡಬೇಡ. ಇದು ಮುದುಕಿಯ ಹಿಂಜರಿಕೆಯಲ್ಲ, ಲೆಕ್ಕ. ಇಬ್ಬರಿಗೂ ಒಂದೇ ಹೆಸರು ಎಂದು ಘೋಷಿಸುವ ಅವಕಾಶ ಅಲ್ಲಿ ಮದುವೆಯ ದಿನಕ್ಕೇ ಮುಗಿಯುವುದಿಲ್ಲ, ಆಮೇಲೆ ಯಾವಾಗ ಬೇಕಾದರೂ ನೋಂದಣಿ ಕಚೇರಿಗೆ ಹೋಗಿ ಮಾಡಬಹುದು. ಆದರೆ ಒಮ್ಮೆ ಮಾಡಿದರೆ, ಮದುವೆ ಇರುವಷ್ಟು ಕಾಲ ಅದನ್ನು ಸುಲಭವಾಗಿ ಹಿಂದಕ್ಕೆ ಪಡೆಯಲಾಗದು. ಬೀಗವೊಂದು ಹಾಕಲು ಮಾತ್ರ ಬರುತ್ತದೆ, ತೆಗೆಯಲು ಕಷ್ಟ ಎಂದು ಗೊತ್ತಿದ್ದರೆ, ಹಾಕುವುದಕ್ಕೆ ಅವಸರವೇನು? ನಿನ್ನ ಪಾಸ್‌ಪೋರ್ಟ್ ನವೀಕರಣಕ್ಕೆ ಇನ್ನೂ ಎರಡು ವರ್ಷವಿದೆ. ಬದಲಾಯಿಸುವುದಾದರೆ ಆಗಲೇ ಬದಲಾಯಿಸು. ಮೊದಲು ಪಾಸ್‌ಪೋರ್ಟ್, ಅದನ್ನು ತೋರಿಸಿ ಅಲ್ಲಿಯ ವಾಸದ ಪರವಾನಗಿ, ಆಮೇಲೆ ಆಧಾರ್, ಪ್ಯಾನ್, ಬ್ಯಾಂಕು. ಈ ನಡುವೆ ವಿಮಾನದ ಟಿಕೆಟನ್ನು ಮಾತ್ರ ಪಾಸ್‌ಪೋರ್ಟಿನಲ್ಲಿ ಇರುವ ಹೆಸರಿನಲ್ಲೇ ತೆಗೆಸು. ನೀನು ಬರೆದಿರುವ ಸಂಶೋಧನಾ ಲೇಖನಗಳು ಹೇಗೂ ಹಳೆಯ ಹೆಸರಿನಲ್ಲೇ ಉಳಿಯುತ್ತವೆ. ಅವುಗಳನ್ನು ಓದಿದವರು ಮುಂದೆ ನಿನ್ನನ್ನು ಹುಡುಕಿಕೊಂಡು ಬಂದಾಗ, ಅಂಥವರು ಇಲ್ಲಿ ಯಾರೂ ಇಲ್ಲ ಎಂದು ಯಾರೂ ಹೇಳದಂತೆ ನೋಡಿಕೋ.

ಜೋಡಿ ಹೆಸರಿನ ಆಸೆ ನಿನಗಿದೆ ಎಂದು ನಿನ್ನ ದನಿಯಲ್ಲೇ ಗೊತ್ತಾಯಿತು. ಚಂದ್ರಶೇಖರ-ಯಾನ್ಸೆನ್ ಎಂದು ನಾನೂ ಕಾಗದದ ಮೇಲೆ ಬರೆದು ನೋಡಿದೆ. ಉದ್ದವಾಯಿತು, ನಿಮ್ಮಪ್ಪ ಹಾಗೂ ಯಾನನ ಮಗ ಒಂದೇ ಸ್ಕೂಟರಿನಲ್ಲಿ ಕೂತಂತೆ ಕಾಣಿಸಿತು. ಬರೆಯುವಾಗ, ಮೊದಲ ಜಾಗದಲ್ಲಿ ಬೆಲ್ಲದ ಎಂದು ಇದ್ದಿದ್ದರೆ ಎಷ್ಟು ಚಿಕ್ಕದಾಗಿ, ಚೆಂದಾಗಿ ಇರುತ್ತಿತ್ತು ಎಂದೂ ಅನ್ನಿಸಿತು. ಆ ಹೆಸರನ್ನು ನಿನಗೆ ಕೊಡಬಹುದೆಂದು ಪಾಸ್‌ಪೋರ್ಟಿನ ದಿನ ನನಗೆ ಹೊಳೆಯಲೇ ಇಲ್ಲ, ಯಾರಿಗೂ ಹೊಳೆಯಲಿಲ್ಲ. ಇದನ್ನು ನಿನ್ನ ನಿರ್ಧಾರಕ್ಕೆ ಸೇರಿಸಬೇಡ. ಅಮ್ಮನಿಗೂ ಒಂದು ಹೆಸರಿತ್ತೆಂದು ನಿನಗೆ ತಿಳಿದಿರಲಿ ಎಂದು ಬರೆದೆ.

ಜನನ ಪ್ರಮಾಣಪತ್ರವನ್ನು ಸ್ಕ್ಯಾನ್ ಮಾಡಿ ಕಳಿಸಿದ್ದೇನೆ. ಶೇಂಗಾ ಹಿಂಡಿ, ಹುರಿಹಿಟ್ಟು, ಬೀಗಿತ್ತಿಗೆಂದು ಒಂದು ಪೊಟ್ಟಣ ನಮ್ಮ ಕಲ್ಲುಸಕ್ಕರೆ ಕಟ್ಟಿಟ್ಟಾಗಿದೆ, ಗುರುವಾರ ಅಂಚೆಗೆ ಹಾಕುತ್ತೇನೆ. ಅಲ್ಲಿ ಮನೆಯ ನಂಬರಿಗಿಂತ ಅಂಚೆಪೆಟ್ಟಿಗೆಯ ಮೇಲಿನ ಹೆಸರು ನೋಡಿ ಕೊಡುತ್ತಾರೆ ಎಂದಿದ್ದೆ. ಈಗ ಆ ಚೀಟಿಯಲ್ಲಿ ಏನೇನು ಬರೆದಿದ್ದೀರೋ ಅದನ್ನು ಒಂದು ಫೋಟೋ ತೆಗೆದು ಬುಧವಾರದೊಳಗೆ ಕಳಿಸು.

ಇಂತಿ,
ನಿನ್ನ ಅಮ್ಮ