ಕತ್ತಲಲ್ಲಿ ಆಡಿದ ಲಿಲ್ಲಿ

ಪುಟ್ಟಿ,

ನಿನ್ನೆ ಫೋನಲ್ಲಿ ನೀನು "ಹುಡುಗರದ್ದೆಲ್ಲ ಮುಗಿದ ಮೇಲೆ ನಮಗೆ ಅರ್ಧ ಗಂಟೆ ಗ್ರೌಂಡ್ ಕೊಡ್ತಾರಪ್ಪ, ಅಷ್ಟೊತ್ತಿಗೆ ಬಾಲೇ ಕಾಣಲ್ಲ" ಅಂದಾಗ ನನಗೆ ಏನು ಹೇಳಬೇಕೋ ತೋಚಲಿಲ್ಲ. ಸುಮ್ನೆ ಊಟ ಆಯ್ತಾ ಅಂತ ಕೇಳಿ ಫೋನ್ ಇಟ್ಟೆ. ಆಮೇಲೆ ಹಳೇ ಕಾಲದ ಫುಟ್‌ಬಾಲ್ ಆಟಗಾರ್ತಿ ಲಿಲ್ಲಿ ಪಾರ್ ನೆನಪಾದಳು.

ಅವಳು ಹುಟ್ಟಿದ್ದು 1905ರಲ್ಲಿ, ಇಂಗ್ಲೆಂಡಿನ ಸೇಂಟ್ ಹೆಲೆನ್ಸ್‌ನಲ್ಲಿ. ಗಾಜಿನ ಕಾರ್ಖಾನೆಗಳ ಊರು, ಅವಳಪ್ಪನ ಕೆಲಸವೂ ಅಲ್ಲೇ. ಅಣ್ಣತಮ್ಮಂದಿರ ಜೊತೆ ಬಯಲಲ್ಲಿ ಫುಟ್‌ಬಾಲು, ರಗ್ಬಿ ಆಡಿಕೊಂಡು ಬೆಳೆದಳು. ಮೊದಲ ಮಹಾಯುದ್ಧಕ್ಕೆ ಗಂಡಸರೆಲ್ಲ ಹೋದಾಗ ಕಾರ್ಖಾನೆಗಳಿಗೆ ಹೆಂಗಸರು ಬಂದರಲ್ಲ, ಪ್ರೆಸ್ಟನ್ ಊರಿನ ಡಿಕ್ ಕೆರ್ ಕಾರ್ಖಾನೆಯವರು ಬಿಡುವಿನಲ್ಲಿ ಬಾಲ್ ಒದೆಯುತ್ತಾ ಒದೆಯುತ್ತಾ ಒಂದು ಟೀಮನ್ನೇ ಕಟ್ಟಿದರು. 1917ರ ಕ್ರಿಸ್‌ಮಸ್ ದಿನ ಗಾಯಗೊಂಡ ಸೈನಿಕರಿಗೆ ದುಡ್ಡು ಕೂಡಿಸೋಕೆ ಆಡಿದ ಮ್ಯಾಚಿಗೆ 10,000 ಜನ ಬಂದರು. ಯುದ್ಧ ಮುಗಿಯಿತು, ಇವರ ಆಟ ಮಾತ್ರ ನಿಲ್ಲಲಿಲ್ಲ.

1920ರಲ್ಲಿ ಲಿಲ್ಲಿ ಈ ಟೀಮಿಗೆ ಸೇರಿದಳು. ಮ್ಯಾಚಿಗೆ 10 ಶಿಲ್ಲಿಂಗ್, ಜೊತೆಗೆ ವುಡ್‌ಬೈನ್ ಸಿಗರೇಟೂ ಬೇಕು ಅಂದಳಂತೆ. ಹದಿನೈದರ ಹುಡುಗಿ! ಇದೊಂದನ್ನು ನೀನು ಕಲಿಯಬೇಡ ತಾಯಿ. ಸುಮಾರು ಆರಡಿ ಎತ್ತರ, ಎಡಗಾಲಿನ ಆಟ, ಆಡುತ್ತಿದ್ದದ್ದು ಲೆಫ್ಟ್ ವಿಂಗಲ್ಲಿ, ಅಂದರೆ ಮೈದಾನದ ಎಡ ಅಂಚಲ್ಲಿ. ಅವಳ ಹೊಡೆತ ತಡೆಯಲು ಹೋಗಿ ಒಬ್ಬ ಗಂಡಸು ಗೋಲ್‌ಕೀಪರ್‌ನ ಕೈ ಮುರಿಯಿತು ಅಂತಲೂ ಹೇಳುತ್ತಾರೆ. ಸ್ವಲ್ಪ ಉಪ್ಪುಖಾರ ಸೇರಿರಬಹುದು ಅಂತ ನನ್ನ ಗುಮಾನಿ. ಆದರೆ ಮಳೆಯಲ್ಲಿ ನೆಂದು ಕಲ್ಲಿನ ಹಾಗಾಗುತ್ತಿದ್ದ ಆ ಕಾಲದ ಚರ್ಮದ ಬಾಲನ್ನು ವಿಂಗಿನಿಂದ ಗೋಲಿನ ಮುಂದಕ್ಕೆ ತಲುಪಿಸೋದೇ ಕಷ್ಟ, ಅಲ್ವಾ?

ಮುಖ್ಯವಾಗಿ ಹೇಳಬೇಕಾದ್ದು ಇದು. ಅದೇ ವರ್ಷ ಡಿಸೆಂಬರ್ 16ಕ್ಕೆ ಅವರ ಟೀಮು ರಾತ್ರಿ ಹೊತ್ತು ಮ್ಯಾಚ್ ಆಡಿತು. ಆಗಿನ್ನೂ ಫ್ಲಡ್‌ಲೈಟ್ ಎಲ್ಲಿತ್ತು? ಶತ್ರು ವಿಮಾನ ಹುಡುಕೋಕೆ ಇಟ್ಟಿದ್ದ ಎರಡು ಸರ್ಚ್‌ಲೈಟುಗಳನ್ನು ಯುದ್ಧ ಇಲಾಖೆಯಿಂದ ಕೇಳಿ ತರಿಸಿದರು. ಇಲಾಖೆಯ ಮಂತ್ರಿ ಚರ್ಚಿಲ್, ಹೌದು, ಮುಂದೆ ಪ್ರಧಾನಿಯಾದ ಅದೇ ಚರ್ಚಿಲ್. ಬಾಲ್ ಕಾಣಲಿ ಅಂತ ಅದಕ್ಕೆ ಬಿಳಿ ಬಳಿದರು. ನೋಡೋಕೆ 12,000 ಜನ!

ಹತ್ತು ದಿನ ಬಿಟ್ಟು ಲಿವರ್‌ಪೂಲಿನ ಗುಡಿಸನ್ ಪಾರ್ಕಲ್ಲಿ 53,000 ಜನ. ಒಳಗೆ ಜಾಗ ಸಾಲದೆ ಇನ್ನೂ ಸಾವಿರಾರು ಜನ ಹೊರಗೇ ಉಳಿದರು.

ಇಷ್ಟಾದ ಮೇಲೆ ದೊಡ್ಡವರ ಕಣ್ಣು ಕೆಂಪಾಗದೆ ಇರುತ್ತಾ? 1921ರ ಡಿಸೆಂಬರ್ 5ಕ್ಕೆ ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ತನ್ನ ಕ್ಲಬ್‌ಗಳಿಗೆಲ್ಲ ಹೇಳಿತು, ಹೆಂಗಸರಿಗೆ ಗ್ರೌಂಡ್ ಕೊಡಬೇಡಿ, ಈ ಆಟ ಅವರಿಗೆ ಹೇಳಿ ಮಾಡಿಸಿದ್ದಲ್ಲ ಅಂತ. ಚಾರಿಟಿ ದುಡ್ಡಿನ ಲೆಕ್ಕ ಸರಿಯಿಲ್ಲ ಅನ್ನೋ ತಕರಾರೂ ಇತ್ತು. ನನ್ನ ಕೇಳಿದರೆ ಆ 53,000 ಜನವೇ ಅವರಿಗೆ ಉರಿ.

ಲಿಲ್ಲಿ ಏನು ಮಾಡಿದಳು ಗೊತ್ತಾ? ಜಗಳಕ್ಕೇನೂ ನಿಲ್ಲಲಿಲ್ಲ, ಆಡಿದಳು, ಅಷ್ಟೇ. ಪಾರ್ಕು, ರಗ್ಬಿ ಮೈದಾನ, ಎಲ್ಲಿ ಬಿಟ್ಟರೆ ಅಲ್ಲಿ. 1922ರಲ್ಲಿ ಟೀಮು ಹಡಗು ಹತ್ತಿ ಕೆನಡಾಕ್ಕೆ ಹೋದರೆ ಅಲ್ಲೂ ಬೇಡ ಅಂದರು. ಅಲ್ಲಿಂದ ಅಮೆರಿಕಕ್ಕೆ ಹೋಗಿ ಗಂಡಸರ ಟೀಮುಗಳ ಮೇಲೆ ಆಡಿದರು. ಹೊಟ್ಟೆಪಾಡಿಗೆ ಲಿಲ್ಲಿಗೆ ವಿಟಿಂಗ್‌ಹ್ಯಾಮ್ ಮಾನಸಿಕ ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ಕೆಲಸದ ಜೊತೆಗೇ ಆಟ, 1951ರವರೆಗೆ, ಅಂದರೆ ನಲವತ್ತಾರು ವಯಸ್ಸಿನ ತನಕ. ನನಗೆ ಈಗಲೇ ಮಹಡಿ ಹತ್ತೋಕೆ ಏದುಸಿರು.

ನಿಷೇಧ ಹೋಗಿದ್ದು 1971ರಲ್ಲಿ, ಅವಳು ತೀರಿಕೊಂಡದ್ದು 1978ರಲ್ಲಿ. ಮ್ಯಾಂಚೆಸ್ಟರಿನ ಫುಟ್‌ಬಾಲ್ ಮ್ಯೂಸಿಯಮ್ಮಿನಲ್ಲಿ ಅವಳ ಪ್ರತಿಮೆ ನಿಂತದ್ದು 2019ಕ್ಕೆ.

ಸರಿ, ಶನಿವಾರ ನಿನ್ನ ಹಾಸ್ಟೆಲ್ ಕಡೆ ಬರುತ್ತಿದ್ದೇನೆ. ಬೂಟಿನ ಸ್ಟಡ್ ಸವೆದಿದೆ ಅಂದಿದ್ದೆಯಲ್ಲ, ಸೈಜ್ ಕಳಿಸು. ಅಮ್ಮ ಚಕ್ಕುಲಿ ಮಾಡಿದ್ದಾಳೆ. ಆಟ ಮುಗಿಯೋ ತನಕ ನಾನು ಗ್ರೌಂಡಿನ ಪಕ್ಕದಲ್ಲೇ ಇರುತ್ತೇನೆ. ಬಾಲ್ ಕಾಣದಿದ್ದರೆ ಹೇಳು, ಬೈಕಿನ ಹೆಡ್‌ಲೈಟ್ ನಿಮ್ಮ ಕಡೆ ತಿರುಗಿಸುತ್ತೇನೆ.

ನಿನ್ನ
ಅಪ್ಪ